ಮಳವಳ್ಳಿ ಪಂಡಿತರ ಪುಡಿ

ಗುತ್ತಲು, ಮಂಡ್ಯ
೧೮ನೇ ನವೆಂಬರ್ ೧೯೪೬, ಕಾರ್ತಿಕ ಸೋಮವಾರ

ನನ್ನ ತಂಗಿ ದೇವಿರಮ್ಮನಿಗೆ ಅಕ್ಕ ಹೊಂಬಾಳಮ್ಮ ಮಾಡುವ ಆಶೀರ್ವಾದ.

ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ನಿನ್ನ ಮನೆಯ ಸ್ಥಿತಿ ಗೊತ್ತಿದ್ದೂ ಆ ಮಾತು ಬರೆಯಲು ಕೈ ಬರಲಿಲ್ಲ. ಇದ್ದೇವೆ, ಅಷ್ಟೇ. ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಹರಿದು ಒಲೆಗೆ ಹಾಕಿದೆ. ತಡವಾದದ್ದಕ್ಕೆ ಅಕ್ಕನ ಮೇಲೆ ಮುನಿಯಬೇಡ. ಈ ಕಾಗದವನ್ನು ನೀನೊಬ್ಬಳೇ ಕೂತು ಓದು, ನಿನ್ನ ಯಜಮಾನರ ಕೈಗೆ ಕೊಡಬೇಡ. ಅಪ್ಪ ಮೇಷ್ಟ್ರಾಗಿದ್ದರಿಂದ ನಮ್ಮಿಬ್ಬರಿಗೂ ಅಕ್ಷರ ಕಲಿಸಿದರಲ್ಲ, ಅದು ಇವತ್ತಿಗೆ ಉಪಯೋಗಕ್ಕೆ ಬಂತು. ಅಂಚೆಗೆ ಹಾಕಿದರೆ ಎಂದು ಮುಟ್ಟುತ್ತದೋ ಎಂದು ಹೆದರಿ, ನಾಳೆ ಮಳವಳ್ಳಿಯ ತವರಿಗೆ ಹೊರಟಿರುವ ಎದುರುಮನೆ ಯಶೋದಮ್ಮನ ಕೈಲೇ ಕೊಟ್ಟು ಕಳಿಸುತ್ತಿದ್ದೇನೆ. ಅವಳು ನಿಮ್ಮ ಬಂಡೂರಿಗೆ ಬಂದು ನಿನ್ನ ಕೈಗೇ ಕೊಡುತ್ತಾಳೆ.

ಇಲ್ಲಿಯ ಸಮಾಚಾರ ಹೆಚ್ಚೇನಿಲ್ಲ. ಫ್ಯಾಕ್ಟರಿಯಲ್ಲಿ ಕಬ್ಬು ಅರೆಯುವ ಕಾಲ. ನಿನ್ನ ಭಾವ ಅಂಗಿಯ ತುಂಬ ಕಾಕಂಬಿಯ ವಾಸನೆ ಹೊತ್ತು ಬರುತ್ತಾರೆ, ಉಂಡು ಮಲಗುತ್ತಾರೆ. ರೇಷನ್ ಅಂಗಡಿಯ ರಾಗಿಯಲ್ಲಿ ಅರ್ಧ ಮಣ್ಣು. ಅತ್ತೆಗೆ ಮೊಣಕಾಲು ಹಿಡಿದುಕೊಂಡು ಜಗಲಿ ಬಿಟ್ಟು ಇಳಿಯುವುದಿಲ್ಲ.

ನಿನ್ನ ಮಗ ಪುಟ್ಟಮಾದುವಿನ ವಿಷಯ ಓದಿ ನನಗೆ ಅನ್ನ ಇಳಿಯಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗ. ಹೋದ ವರ್ಷ ಒಂದು ಟಗರುಮರಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಇಲ್ಲಿಗೆ ಬಂದು, "ಇದ್ರ ಕಾಲ್ ನೋಡು ದೊಡ್ಡವ್ವ, ಅದೆಷ್ಟು ಗಿಡ್ಡ!" ಎಂದು ನಕ್ಕವನು. ಅವನೀಗ ಕೊಟ್ಟಿಗೆಯ ಗೂಟದಲ್ಲಿ, ಎತ್ತಿನ ಸರಪಳಿಯಲ್ಲಿ ಇದ್ದಾನೆ ಎಂದು ಹೇಗೆ ನಂಬಲಿ? ಸಂತೆಗೆ ಹೋದರೆ ಸಂತೆಯ ಜನ, ಬಸ್ಸು ಹತ್ತಿದರೆ ಬಸ್ಸಿನ ಜನ, ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನುತ್ತಿದ್ದನಂತೆ. ಕೊನೆಗೆ ಹೆತ್ತ ಅಪ್ಪನ ಮೇಲೇ ಕುಡುಗೋಲು ಎತ್ತಿದನಂತೆ. ಮಂತ್ರವಾದಿ ಬಂದು ಎರಡು ಮುಂಗೈಗೂ ಬರೆ ಎಳೆದು ಹೋಗಿದ್ದಾನೆ, ಬರುವ ಅಮಾವಾಸ್ಯೆಗೆ ನೆತ್ತಿಯ ಮೇಲೆ ಎಳೆಯುತ್ತಾನೆ ಎಂದು ಬರೆದಿದ್ದೀಯ. ಅಮಾವಾಸ್ಯೆ ಈ ಶನಿವಾರವೇ. ಸುಟ್ಟ ಜಾಗಕ್ಕೆ ಬೆಣ್ಣೆ ಹಚ್ಚಲು ಹೋದರೆ ನಿನ್ನ ಕೈಯನ್ನೇ ಕಚ್ಚಿದ ಎಂದು ಅತ್ತಿದ್ದೀಯ. ಅವನು ಕಚ್ಚಿದ್ದು ನಿನ್ನನ್ನಲ್ಲ ದೇವೀ. ಆ ಹೊತ್ತಿನಲ್ಲಿ ಹತ್ತಿರ ಬರುವ ಕೈ ಯಾರದೆಂದು ತಿಳಿಯುವುದಿಲ್ಲ. ನನಗೆ ಗೊತ್ತು.

ಮಳವಳ್ಳಿಯ ಪಂಡಿತ ಕರಿಸಿದ್ದಯ್ಯನವರಿಗೆ ತೋರಿಸು ಎಂದು ನಾನು ಹಿಂದಿನ ಕಾಗದದಲ್ಲಿ ಬರೆದಿದ್ದಕ್ಕೆ ನೀನು ಬರೆದ ಉತ್ತರ ಬಾಯಿಪಾಠವಾಗಿದೆ. "ಅಕ್ಕಾ, ನಿನ್ ಮಗನ್ನ ತಿಂದ ಮದ್ದ ನನ್ ಮಗನ್ ಬಾಯ್ಗೂ ಆಕು ಅಂತೀಯಲ್ಲ, ನಿಂಗೆ ಇನ್ನೂ ನೆಟ್ಟಗಾಗಿಲ್ವಾ?" ನೀನು ಕೇಳಿದ್ದರಲ್ಲಿ ತಪ್ಪಿಲ್ಲ. ಊರೆಲ್ಲ ಹಾಗೇ ಹೇಳುತ್ತದೆ. ನಾನೂ ಹೇಳಲು ಬಿಟ್ಟೆ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಮೂವತ್ತೆಂಟನೇ ಇಸವಿಯಲ್ಲಿ ನನಗೆ ಹುಟ್ಟಿದ ಹೆಣ್ಣುಮಗು ಹನ್ನೊಂದನೇ ದಿನಕ್ಕೆ ಹೋಯಿತಲ್ಲ, ಅಲ್ಲಿಂದ ಶುರುವಾಯಿತು. ಮೊದಲು ನಿದ್ದೆ ಹೋಯಿತು. ಆಮೇಲೆ ದನಿಗಳು ಬಂದವು. ಇಬ್ಬರು ಹೆಂಗಸರು ಅಟ್ಟದ ಮೇಲೆ ಕೂತು ನಾನು ಮಾಡುವುದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. "ಈಗ ಉಪ್ಪಾಕ್ತಾವ್ಳೆ, ಈಗ ಸೆರಗು ಸರಿ ಮಾಡ್ಕತಾವ್ಳೆ." ಜೊತೆಗೆ ಹೊರಗೆಲ್ಲೋ ಒಂದು ಮಗು "ಅವ್ವಾ" ಎಂದು ಕೂಗುತ್ತಿತ್ತು. ನಾನು ಓಡುತ್ತಿದ್ದೆ. ಕಬ್ಬಿನ ಗದ್ದೆಯೊಳಗೆ, ನಾಲೆ ಏರಿಯ ಮೇಲೆ, ಎಲ್ಲಿ ಕೂಗಿದರೆ ಅಲ್ಲಿಗೆ. ರೈಲು ಕಂಬಿಯ ಮೇಲಿಂದ ಎರಡು ಸಲ ಎಳೆದು ತಂದರು. ಆಮೇಲೆ ನಡುಮನೆಯ ಕಂಬ, ಸರಪಳಿ. ಎಂಟು ತಿಂಗಳು. ನೀನು ಬಂದು ನನ್ನ ಜಡೆಗಟ್ಟಿದ ತಲೆ ಬಿಡಿಸಲು ಕೂತದ್ದು, ನಾನು ನಿನ್ನ ಮುಖಕ್ಕೆ ಉಗಿದದ್ದು ನೆನಪಿದೆ. ನನ್ನ ಮಗ ಕೆಂಪಸಿದ್ದನಿಗೆ ಆಗ ಐದು ವರ್ಷ. ನನ್ನ ಕೈ ಎಟುಕದಷ್ಟು ದೂರದಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ಸರಪಳಿ ಎಲ್ಲಿಯತನಕ ಬರುತ್ತದೆ ಎಂಬ ಅಳತೆ ಅವನಿಗೆ ಗೊತ್ತಿತ್ತು.

ಪಂಡಿತರು ಆಗ ಮದ್ದೂರಿನಲ್ಲಿದ್ದರು. ನಿನ್ನ ಭಾವ ಗಾಡಿಯಲ್ಲಿ ನನ್ನನ್ನು ಕಟ್ಟಿಕೊಂಡು ಹೋದರು. ಪಂಡಿತರು ಮಂತ್ರ ಹಾಕಲಿಲ್ಲ, ಬೇವಿನ ಸೊಪ್ಪಿನಲ್ಲಿ ಬಡಿಯಲಿಲ್ಲ. ಕಟ್ಟು ಬಿಚ್ಚಿಸಿ ನಾಡಿ ನೋಡಿದರು. ಆಮೇಲೆ ನನ್ನನ್ನೇ ಕೇಳಿದರು, "ಏನ್ ಕೇಳ್ತದವ್ವ ನಿಂಗೆ? ಯಾರ್ ಕೂಗ್ತಾರೆ?" ಅಲ್ಲಿಯತನಕ ಯಾರೂ ನನ್ನನ್ನು ಕೇಳಿರಲಿಲ್ಲ. ನಿನ್ನ ಭಾವನನ್ನು ಕೇಳುತ್ತಿದ್ದರು, ಅತ್ತೆಯನ್ನು ಕೇಳುತ್ತಿದ್ದರು. ಸರ್ಪಗಂಧಿ ಎಂಬ ಗಿಡದ ಬೇರನ್ನು ನೆರಳಲ್ಲಿ ಒಣಗಿಸಿ ಕುಟ್ಟಿದ ಪುಡಿ ಕೊಟ್ಟರು. ಬೂದು ಬಣ್ಣ, ಬೇವಿಗಿಂತ ಕಹಿ. ದಿನಕ್ಕೆ ಎರಡು ಸಲ ಹಾಲಿನಲ್ಲಿ ಕದಡಿ ಕೊಡಬೇಕು.

ಮೊದಲ ಹತ್ತು ದಿನ ಬರೀ ನಿದ್ದೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದೆ. ಎದ್ದು ನಿಂತರೆ ಕಣ್ಣು ಕತ್ತಲೆ. ಮೂರನೇ ವಾರಕ್ಕೆ ಅಟ್ಟದ ಹೆಂಗಸರು ಪಕ್ಕದ ಮನೆಗೆ ಹೋದ ಹಾಗಾಯಿತು, ಆಮೇಲೆ ಬೀದಿಯಾಚೆಗೆ. ಮಗುವಿನ ಕೂಗು ಮಾತ್ರ ಪೂರ್ತಿ ಹೋಗಲಿಲ್ಲ, ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಪಂಡಿತರಿಗೆ ಹೇಳಿದೆ. "ಅದು ಕೂಗ್ಲಿ ಕಣವ್ವ. ನೀನು ಓಗ್ಬೇಡ. ಕೈಯಾಗಿನ ಕೆಲ್ಸ ಬುಡ್ಬೇಡ, ತಾನೇ ಸುಮ್ಕಾಯ್ತದೆ" ಎಂದರು. ಹಾಗೇ ಮಾಡಿದೆ. ಎರಡು ತಿಂಗಳಿಗೆ ಸರಪಳಿ ಬಿಚ್ಚಿದರು. ಕೆಂಪಸಿದ್ದ ಹೆದರಿಕೊಂಡೇ ದಿನಕ್ಕೊಂದು ಗೇಣು ಹತ್ತಿರ ಬಂದು, ಕೊನೆಗೊಂದು ದಿನ ಮಗ್ಗಿ ಹೇಳುತ್ತ ಹೇಳುತ್ತ ನನ್ನ ತೊಡೆಯ ಮೇಲೆ ಕೂತ. ಒಂದು ವರ್ಷ ನಾಲ್ಕು ತಿಂಗಳು ಅವನಿಗೆ ತಾಯಿ ಇದ್ದಳು. ಅವನ ಅಂಗಿಗೆ ಗುಂಡಿ ಹೊಲಿದೆ, ಅವನ ತಲೆಗೆ ಎಣ್ಣೆ ಒತ್ತಿದೆ. ಅಷ್ಟನ್ನೂ ಕೊಟ್ಟದ್ದು ಆ ಪುಡಿ.

ನಲವತ್ತನೇ ಇಸವಿಯ ಶ್ರಾವಣ ನಿನಗೂ ಗೊತ್ತು. ಗುತ್ತಲಿನಲ್ಲಿ ಹೊಸ ಮನೆಗಳು ಏಳುತ್ತಿದ್ದವು. ನಮ್ಮ ಹಿತ್ತಿಲ ಹಿಂದೆ ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿ ಮಳೆಗೆ ತುಂಬಿತ್ತು. ಮಧ್ಯಾಹ್ನ ಮೂರರ ಹೊತ್ತು. ಕೆಂಪಸಿದ್ದ ಏನನ್ನು ಹಿಡಿಯಲು ಹೋದನೋ, ಜೇಡಿಮಣ್ಣಿನ ದಡ ಜಾರಿತು. ಇಟ್ಟಿಗೆ ಕೆಲಸದವರು ಸಂಜೆ ಎತ್ತಿಕೊಂಡು ಬಂದಾಗ ಅವನ ಎರಡು ಮುಷ್ಟಿಯಲ್ಲೂ ಹುಲ್ಲಿತ್ತು, ಬೇರುಸಮೇತ. ನಾನು ನಡುಮನೆಯಲ್ಲಿ ಮೊರ ಹಿಡಿದು ಕೂತಿದ್ದೆ. ಅತ್ತೆ ಎದೆ ಬಡಿದುಕೊಂಡು, "ಮದ್ದ್ ತಿನ್ಸಿ ತಿನ್ಸಿ ಇವ್ಳ ಕಿವೀನೇ ಸಾಯ್ಸಿಬುಟ್ರು! ಎತ್ತ ಮಗ ಕೂಗ್ಕಂಡ್ರೂ ಇವ್ಳ್ಗೆ ಕೇಳ್ನಿಲ್ಲ!" ಎಂದರು. ಆ ಮಾತು ಹಾಗೇ ನಿಂತುಬಿಟ್ಟಿತು.

ತಿಥಿ ಮುಗಿದ ಮಾರನೆಯ ದಿನ ನಿನ್ನ ಭಾವ ಮದ್ದೂರಿಗೆ ಹೋಗಿ, ರೋಗಿಗಳು ಕೂತಿರುವಾಗಲೇ ಮದ್ದಿನ ಪೊಟ್ಟಣವನ್ನು ಪಂಡಿತರ ಮುಖಕ್ಕೆ ಎಸೆದು, ಕೆನ್ನೆಗೆ ಹೊಡೆದು ಬಂದರು. ಪಂಡಿತರು ಕೈ ಅಡ್ಡ ತರಲಿಲ್ಲವಂತೆ. "ದಿನಕ್ ಎಷ್ಟ್ ಕೊಡ್ತಿದ್ರಿ?" ಎಂದು ಒಂದೇ ಮಾತು ಕೇಳಿದರಂತೆ. ಮಗುವನ್ನು ಕೊಂದ ಪಂಡಿತ ಎಂದು ಮದ್ದೂರಿನಲ್ಲಿ ಹೆಸರಾಯಿತು. ಆರು ತಿಂಗಳಲ್ಲಿ ಅವರ ಜಗಲಿ ಖಾಲಿ. ಮನೆ ಮಾರಿ ಮಳವಳ್ಳಿಗೆ ಹೋದರು.

ನನಗೆ ಮದ್ದು ನಿಂತಿತು. ಒಂದು ತಿಂಗಳಲ್ಲಿ ಅಟ್ಟದ ಹೆಂಗಸರು ವಾಪಸು ಬಂದರು, ಈ ಸಲ ಅವರಿಗೆ ಹೇಳಲು ಹೊಸ ಮಾತು ಬೇಕಾದಷ್ಟಿತ್ತು. ಮತ್ತೆ ಅದೇ ಕಂಬ, ಎರಡು ವರ್ಷ. ನಿನ್ನ ಭಾವ ಮುತ್ತತ್ತಿ ದೇವರಿಗೆ ಹರಕೆ ಕಟ್ಟಿಕೊಂಡರು. ನಾನು ಹುಷಾರಾದದ್ದು ಆ ಹರಕೆಯಿಂದ ಎಂದು ಅವರ ನಂಬಿಕೆ. ನೀನೂ ಅದನ್ನೇ ನಂಬಿ, ಪುಟ್ಟಮಾದುವನ್ನು ಅಲ್ಲಿಗೇ ಕರೆದೊಯ್ಯಲೇ ಎಂದು ಕೇಳಿದ್ದೀಯ. ದೇವರನ್ನು ನಾನು ಹಳಿಯುವುದಿಲ್ಲ, ಕರೆದೊಯ್ಯಿ. ಆದರೆ ನಡೆದದ್ದು ಬೇರೆ. ನಲವತ್ತೆರಡರಲ್ಲಿ ಒಂದು ದಿನ ಯಶೋದಮ್ಮ ನನಗೆ ಮುದ್ದೆ ಮುರಿದು ತಿನ್ನಿಸುತ್ತಿದ್ದಳು. ತಲೆ ಯಾಕೋ ಸ್ವಲ್ಪ ತಿಳಿಯಾಗಿತ್ತು. ಅವಳ ಕೈ ಹಿಡಿದು, "ನಿಮ್ಮೂರ್ ಪಂಡಿತ್ರುನ್ನ ಕೇಳಿ ಆ ಪುಡಿ ತಂದ್ಕೊಡವ್ವ, ನಿನ್ ಕಾಲ್ ಇಡೀತೀನಿ" ಎಂದೆ. ಅವಳು ಹೆದರಿದಳು, ಆದರೂ ಹೋಗಿ ಕೇಳಿದಳು. ಹೊಡೆದವನ ಹೆಂಡತಿಗೆ ಕೊಡುವುದಿಲ್ಲ ಎನ್ನುತ್ತಾರೆಂದು ನಾನು ತಿಳಿದಿದ್ದೆ. ಪಂಡಿತರು ಪೊಟ್ಟಣ ಕಟ್ಟಿ ಕೊಟ್ಟು, "ಮೊದ್ಲಿನ್ ಅಳತೇಲಿ ಅರ್ಧ. ಒಟ್ಟೆ ತುಂಬ ಉಂಡ್ಮೇಲೆ ಕೊಡು. ಪಾಪ, ನನ್ ತಪ್ಪು ಅವ್ಳ್ನ ತಿನ್ಬಾರ್ದು" ಎಂದು ಹೇಳಿ ಕಳಿಸಿದರಂತೆ.

ನಾಲ್ಕು ವರ್ಷದಿಂದ ಅದನ್ನೇ ತಿನ್ನುತ್ತಿದ್ದೇನೆ ದೇವೀ, ನಿನ್ನ ಭಾವನಿಗೆ ತಿಳಿಯದ ಹಾಗೆ. ಪೊಟ್ಟಣ ಮೆಣಸಿನ ಡಬ್ಬಿಯ ತಳದಲ್ಲಿದೆ.

ಅದು ಅಮೃತ ಎಂದು ನಾನು ಹೇಳುವುದಿಲ್ಲ. ನಿನಗೆ ಸುಳ್ಳು ಬರೆದು ಏನು ಬಂತು? ನನ್ನ ಅಕ್ಷರ ನೋಡು, ಕೈ ಎಷ್ಟು ನಡುಗುತ್ತದೆ ಎಂದು ಗೊತ್ತಾಗುತ್ತದೆ. ಅಳು ಬರುವುದಿಲ್ಲ, ನಗುವೂ ಹೆಚ್ಚು ಬರುವುದಿಲ್ಲ. ಎಲ್ಲವೂ ಒದ್ದೆ ಕಂಬಳಿ ಹೊದ್ದುಕೊಂಡು ನೋಡಿದ ಹಾಗೆ. ಪುಟ್ಟಮಾದುವಿಗೆ ಕೊಟ್ಟರೆ ಅವನು ಮೊದಲಿನ ಪುಟ್ಟಮಾದು ಆಗದೆ ಇರಬಹುದು. ಆದರೆ ನೀನು ಯಾರೆಂದು ಗುರುತು ಹಿಡಿಯುತ್ತಾನೆ. ಪಂಡಿತರು ಹೇಳಿದ ಅಳತೆಗಿಂತ ಒಂದು ಚಿಟಿಕೆಯೂ ಹೆಚ್ಚಿಗೆ ಹಾಕಬೇಡ, ಬೇಗ ವಾಸಿಯಾಗಲಿ ಎಂಬ ಆಸೆಗೆ ಬೀಳಬೇಡ. ಥಟ್ಟನೆ ಎದ್ದು ನಿಲ್ಲಲು ಬಿಡಬೇಡ, ಬಿದ್ದುಬಿಡುತ್ತಾನೆ. ಗಲಾಟೆ ನಿಂತ ಮೇಲೆ ತೀರಾ ಮಂಕಾಗಿ, ಉಣ್ಣದೆ, ಬದುಕಿ ಏನು ಪ್ರಯೋಜನ ಎನ್ನುವಂಥ ಮಾತಾಡಿದರೆ ಒಂದು ದಿನವೂ ಕಾಯದೆ ಪಂಡಿತರ ಹತ್ತಿರ ಓಡು. ನನಗೆ ಹಾಗಾಗಿತ್ತು. ಯಶೋದಮ್ಮ ನೋಡಿದ್ದರಿಂದ ಉಳಿದೆ.

ಮುಖ್ಯವಾಗಿ, ಅವನನ್ನೇ ಕೇಳು. ಏನು ಕೇಳಿಸುತ್ತದೆ ಎಂದು ನೀನೇ ಹತ್ತಿರ ಕೂತು ಕೇಳು. ನಿನ್ನ ಯಜಮಾನ ಜವರಯ್ಯನವರು ಒಪ್ಪದಿದ್ದರೆ ಜಗಳವಾಡು, ಗಂಡನ ಎದುರು ಮಾತಾಡಿದಳು ಎಂದು ಊರು ಆಡಿಕೊಂಡರೆ ಆಡಿಕೊಳ್ಳಲಿ. ಶನಿವಾರದ ಒಳಗೆ ಅವನನ್ನು ಮಳವಳ್ಳಿಗೆ ಕರೆದೊಯ್ಯಿ. ಕುಂಟೆಬೀದಿ ಸಂದು ದಾಟಿ ಪಂಡಿತರ ಮನೆ ಕೇಳಿದರೆ ಹೇಳುತ್ತಾರೆ. ಯಶೋದಮ್ಮನೂ ಜೊತೆಗೆ ಬರುತ್ತಾಳೆ.

ಪುಟ್ಟಮಾದುವಿಗೆ ನೂರು ವರ್ಷ ಆಯುಸ್ಸಾಗಲಿ. ಅವನ ಸುಟ್ಟ ಕೈಗಳು ಮಾಯಲಿ. ನಿನ್ನ ಮನೆಯಲ್ಲಿ ಒಲೆ ಉರಿಯುತ್ತಿರಲಿ, ಮುತ್ತೈದೆಯಾಗಿ ಬಾಳು. ಇದು ಒಡಹುಟ್ಟಿದವಳ ಹಾರೈಕೆ.

ನಿನ್ನ ಅಕ್ಕ
ಹೊಂಬಾಳಮ್ಮ

ತಾ. ಕ. — ಕಾಗದ ಮಡಿಸಿ ಅಂಟು ಹಾಕಿದ್ದೆ, ಮತ್ತೆ ಕಿತ್ತಿದ್ದೇನೆ. ಇಷ್ಟು ಓದಿದರೂ ನೀನು ಹೋಗುವುದಿಲ್ಲ. ಆ ಮಧ್ಯಾಹ್ನ ಅಕ್ಕ ಮದ್ದಿನ ಮಂಪರಿನಲ್ಲಿದ್ದಳು, ನನ್ನ ಮಗನಿಗೂ ಹಾಗಾದರೆ ಏನು ಗತಿ ಎಂದು ನಿನ್ನ ಮನಸ್ಸು ಹೇಳುತ್ತದೆ.

ನನಗೆ ಮಂಪರಿರಲಿಲ್ಲ. ಎಚ್ಚರವಾಗಿ ಕೂತು ರಾಗಿ ಕೇರುತ್ತಿದ್ದೆ. ಅವನು ಕೂಗಿದ್ದು ಕೇಳಿಸಿತು. ಮೊದಲ ಸಲ "ಅವ್ವಾ" ಎಂದಾಗ ಹಳೆಯ ದನಿ ಎಂದುಕೊಂಡು ಕೈಯಲ್ಲಿನ ಕೆಲಸ ಬಿಡಲಿಲ್ಲ. ಆಮೇಲೆ, "ಅವ್ವಾ, ಜಾರ್ತಾ ಅದೆ, ಕೈ ಕೊಡು ಬಾ" ಎಂದ. ಆ ದನಿ ಎಂದೂ ಹಾಗೆ ಹೇಳಿರಲಿಲ್ಲ. ಇದು ನನ್ನ ಮಗ ಎಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ ಏಳಲಿಲ್ಲ. ಅತ್ತೆ ಜಗಲಿಯ ಮೇಲೆ ಸುಮ್ಮನೆ ಎಲೆ ಮಡಿಸುತ್ತಿದ್ದರು, ಅವರಿಗೆ ಏನೂ ಕೇಳಿಸಿದಂತಿರಲಿಲ್ಲ. ನಾನು ಹಿತ್ತಿಲಿಗೆ ಓಡಿ, ಅಲ್ಲಿ ಯಾರೂ ಇಲ್ಲದಿದ್ದರೆ ಮತ್ತೆ ಸರಪಳಿ ಹಾಕುತ್ತಾರೆ. ಅದೊಂದೇ ಭಯ. ಇನ್ನೊಂದು ಸಲ ಕೂಗಲಿ, ಏಳುತ್ತೇನೆ ಎಂದುಕೊಂಡೆ. ಕೂಗಿದ. ಇನ್ನೊಂದು ಸಲ ಎಂದುಕೊಂಡೆ. ಆಮೇಲೆ ಕೂಗಲಿಲ್ಲ.

ಇದು ನಿನ್ನ ಭಾವನಿಗೆ ಗೊತ್ತಿಲ್ಲ. ಪಂಡಿತರು ಇಂದಿಗೂ ತಮ್ಮ ಅಳತೆ ತಪ್ಪಿತೆಂದೇ ತಿಳಿದಿದ್ದಾರೆ. ಇನ್ನು ಯಾರಿಗೂ ತೋರಿಸಬೇಡ, ಅವರೊಬ್ಬರಿಗೆ ಇಷ್ಟನ್ನು ಓದಿ ಹೇಳು. ಅವರು ಏನೆಂದರು ಎಂದು ನನಗೆ ಬರೆಯಬೇಡ.