ನೆಟ್ಟಗಾದ ಜಿಪ್ಪು

ಎಲ್ಕ್ ಬೆಂಡ್, ನೆಬ್ರಾಸ್ಕ
ಆಗಸ್ಟ್ 9, 2005, ಮಂಗಳವಾರ

ನನ್ನ ಮುದ್ದು ಡೆನೀಸ್,

ಹೇಗಿದ್ದೀಯಮ್ಮಾ? ಹೊಟ್ಟೆತುಂಬ ಊಟ ಮಾಡುತ್ತಿದ್ದೀಯಾ? ಆ ಮರಳುಗಾಡಿನ ಸೆಖೆಯಲ್ಲಿ ಸೈನ್ಯದ ಲಾರಿಗಳನ್ನು ರಿಪೇರಿ ಮಾಡಿ ಮಾಡಿ ಅಂಗೈ ಬಿರಿದಿದೆ ಎಂದು ನೀನು ಬರೆದಿದ್ದೆ. ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ಎರಡು ಡಬ್ಬಿ ಕಳಿಸಿದ್ದೇನೆ. ನಾಚಿಕೊಳ್ಳದೆ ಹಚ್ಚಿಕೋ, ಜೊತೆಯವರಿಗೂ ಕೊಡು. ನಿನ್ನ ಅಪ್ಪನ ಮೊಣಕಾಲು ನೋವು ಹಾಗೇ ಇದೆ. ಡಾಕ್ಟರ ಹತ್ತಿರ ಹೋಗಿ ಎಂದರೆ ಜೋಳದ ಕಟಾವು ಮುಗಿಯಲಿ ಅನ್ನುತ್ತಾರೆ, ಕಟಾವು ಮುಗಿದ ಮೇಲೆ ಇನ್ನೊಂದು ನೆಪ ಹುಡುಕುತ್ತಾರೆ, ನಿನಗೆ ಗೊತ್ತಲ್ಲ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಮಗಳು ಶೆಲ್ಬಿ ಎರಡು ಅಂಗುಲ ಬೆಳೆದಿದ್ದಾಳೆ. ನೀನು ಬಿಟ್ಟುಹೋದ ಬೂಟು ಅವಳಿಗೆ ಸರಿಹೋಗುತ್ತದೆ ಎಂದರೆ ನಂಬುತ್ತೀಯಾ?

ನಮ್ಮ ಮಕ್ಕಳ ಕ್ಲಬ್ಬಿನಲ್ಲಿ ಶೆಲ್ಬಿಯ ವರ್ಷ ಹೇಗೆ ಹೋಯಿತು ಎಂದು ಕೇಳಿದ್ದೆಯಲ್ಲ. ಜನವರಿಯ ಚುನಾವಣೆಯಲ್ಲಿ ಅವಳೇ ಕಾರ್ಯದರ್ಶಿಯಾದಳು. ಹನ್ನೊಂದು ವರ್ಷದ ಹುಡುಗಿ ಸಭೆಯ ನಡವಳಿಯನ್ನು ಎಷ್ಟು ಅಚ್ಚುಕಟ್ಟಾಗಿ ಬರೆಯುತ್ತಾಳೆ ಗೊತ್ತೇ, ಯಾರು ಕೆಮ್ಮಿದರು ಎನ್ನುವುದೊಂದು ಬಿಟ್ಟು ಎಲ್ಲ ಇರುತ್ತದೆ. ಫೆಬ್ರವರಿಯಲ್ಲಿ ಮಕ್ಕಳೆಲ್ಲ ಒಂದೊಂದು ಕೆಲಸ ಮಾಡಿ ತೋರಿಸಬೇಕಿತ್ತು. ಇವಳು ಜಿಲ್ಲಾ ಮೇಳದ ಸ್ಪರ್ಧೆಗೆ ಕೋಳಿಯನ್ನು ತೊಳೆದು ಸಿದ್ಧಮಾಡುವುದು ಹೇಗೆ ಎಂದು ತೋರಿಸಹೋದಳು. ಸೋಪು ಹಚ್ಚಿದ ಕೋಳಿ ಕೈಜಾರಿ, ನಾವು ಸಭೆ ಸೇರುವ ಚರ್ಚಿನ ಪಿಯಾನೊ ಮೇಲೆ ಕುಳಿತಿತು. ನಮ್ಮ ಹುಡುಗಿ ಒಂದಿಷ್ಟೂ ಅಳುಕದೆ, "ಈಗ ಎರಡನೇ ಹಂತ, ಕೋಳೀನ ಹಿಡಿಯೋದು" ಎಂದಳು. ನಕ್ಕೂ ನಕ್ಕೂ ನನ್ನ ಪಕ್ಕೆ ನೋವು ಬಂತು. ಏಪ್ರಿಲ್‌ನಲ್ಲಿ ಹೆದ್ದಾರಿಯ ಬದಿಯ ಕಸ ಹೆಕ್ಕಿದೆವು. ಜೂನ್‌ನಲ್ಲಿ ಮೂರು ದಿನ ಕೆರೆಯ ದಂಡೆಯಲ್ಲಿ ಶಿಬಿರ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು ಡೆನೀಸ್. ಕೆಟ್ಟದ್ದು ಆ ಮೂರು ದಿನಗಳಲ್ಲಿ, ಅದೂ ನನ್ನಿಂದ.

ಜಿಲ್ಲಾ ಮೇಳಕ್ಕೆಂದು ಶೆಲ್ಬಿ ಹಸಿರು ಲಂಗವೊಂದನ್ನು ಹೊಲಿದಿದ್ದಳು. ಬಟ್ಟೆ ಕತ್ತರಿಸಿದ್ದು, ಪಟ್ಟಿ ಕೂರಿಸಿದ್ದು, ಅಂಚು ಮಡಿಸಿದ್ದು ಎಲ್ಲ ಅವಳೇ. ಜಿಪ್ಪು ಮಾತ್ರ ಹಾವು ಹರಿದ ಹಾಗಿತ್ತು. ನಾಲ್ಕು ಸಲ ಬಿಚ್ಚಿ ಹೊಲಿದು, ಕೊನೆಗೆ "ಇರ್ಲಿ ಬಿಡಜ್ಜೀ, ನನ್ ಕೈಲಾಗೋದು ಇಷ್ಟೇ" ಎಂದು ಇಸ್ತ್ರಿ ಮಾಡಿ ಮಡಿಸಿಟ್ಟು ಶಿಬಿರಕ್ಕೆ ಹೋದಳು. ನನಗೆ ಸುಮ್ಮನಿರಲಾಗಲಿಲ್ಲ. ತಾಯಿ ಹತ್ತಿರವಿಲ್ಲದ ಮಗು, ಬಹುಮಾನದ ಒಂದು ಒಳ್ಳೆಯ ರಿಬ್ಬನ್ ಬಂದರೆ ನಿನಗೆ ಫೋಟೊ ಕಳಿಸಬಹುದಲ್ಲ ಎಂದುಕೊಂಡೆ. ಎರಡನೆಯ ದಿನ ಪಾತ್ರೆ ತೊಳೆದಾದ ಮೇಲೆ ಲಂಗ ತೆಗೆದು ಜಿಪ್ಪು ಬಿಚ್ಚಿದೆ. ಅರ್ಧ ಗಂಟೆಯ ಕೆಲಸ, ದಾರ ಹಿಡಿದ ಹಾಗೆ ನೆಟ್ಟಗೆ ಕೂತಿತು. ಅವಳು ಮಡಿಸಿದಂತೆಯೇ ಮಡಿಸಿಟ್ಟೆ. ಇಪ್ಪತ್ತೇಳು ವರ್ಷದಿಂದ ಕ್ಲಬ್ಬಿನ ಮುಖಂಡಳಾಗಿ ಪ್ರತಿ ವರ್ಷ ತಾಯಂದಿರನ್ನೆಲ್ಲ ಸಾಲಾಗಿ ಕೂರಿಸಿ, "ನೀವು ಕೈ ಕಟ್ಕೊಂಡು ಕೂತ್ಕೊಳ್ಳಿ, ಮಕ್ಕಳು ಮಾಡ್ಲಿ" ಎಂದು ದಬಾಯಿಸುವವಳು ಇದೇ ನಾನು!

ಶೆಲ್ಬಿ ಆ ಮಡಿಕೆಯನ್ನು ಬಿಚ್ಚಿದ್ದು ಜುಲೈ ಕೊನೆಯಲ್ಲಿ, ಮೇಳದಲ್ಲೇ, ತೀರ್ಪುಗಾರ್ತಿಯ ಮೇಜಿನ ಮುಂದೆ. ಹೊರಗಿನ ಜಿಲ್ಲೆಯಿಂದ ಬಂದ, ಮೃದು ಮಾತಿನ ಹೆಂಗಸು. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಹೇಗೆ ಹೊಲಿದೆ, ಏನು ಕಲಿತೆ ಎಂದು ಕೇಳುತ್ತಿದ್ದಳು. ಲಂಗವನ್ನು ಒಳಹೊರಗು ಮಾಡಿ ನೋಡಿ, "ಜಿಪ್ಪು ಎಷ್ಟು ಚೆನ್ನಾಗಿ ಕೂರ್ಸಿದ್ದೀಯಮ್ಮಾ, ಹೇಗೆ ಮಾಡ್ದೆ?" ಎಂದಳು. ಹಿಂದಿನ ಬೆಂಚಿನಲ್ಲಿ ಉಳಿದ ತಾಯಂದಿರ ನಡುವೆ ನಾನೂ ಕೂತಿದ್ದೆ. ಶೆಲ್ಬಿ ಜಿಪ್ಪಿನ ಮೇಲೆ ಬೆರಳಾಡಿಸಿದಳು. ಕಿವಿ ಕೆಂಪಗಾಯಿತು. "ಇದು ನಾನು ಹೊಲಿದಿದ್ದಲ್ಲ ಮೇಡಂ, ನಂದು ಡೊಂಕಿತ್ತು" ಎಂದಳು. ಹಾಗಾದರೆ ಯಾರು ಹೊಲಿದರು ಎಂದು ಕೇಳಿದರೆ, "ಗೊತ್ತಿಲ್ಲ" ಎಂದಳು. ಗೊತ್ತಿತ್ತು ಅವಳಿಗೆ. ನನ್ನ ಮರ್ಯಾದೆ ಉಳಿಸಿದಳು. ಎದ್ದು ನಿಂತು ನಾನೇ ಎಂದು ಹೇಳಬೇಕಿತ್ತು. ನಾನು ಕೈಚೀಲದಲ್ಲಿ ಕನ್ನಡಕ ಹುಡುಕುವ ನಾಟಕ ಮಾಡಿದೆ. ಬೇರೆಯವರ ಕೈ ಸೇರಿದ ಕೆಲಸವೆಂದು ಲಂಗವನ್ನು ಸ್ಪರ್ಧೆಯಿಂದ ತೆಗೆದರು. ಎಲ್ಲರ ಬಟ್ಟೆಯ ಮೇಲೂ ಏನಾದರೊಂದು ರಿಬ್ಬನ್ ಇತ್ತು, ಅವಳದಕ್ಕೆ ಎಲ್ಲಕ್ಕಿಂತ ಕೆಳಗಿನ ಬಿಳಿಯದೂ ಇರಲಿಲ್ಲ. ನಮ್ಮ ಕ್ಲಬ್ಬಿನ ಮಕ್ಕಳೇ "ಶೆಲ್ಬಿ ಮೋಸ ಮಾಡಿದ್ಳಂತೆ" ಎಂದು ಗುಸುಗುಸು ಮಾಡುತ್ತಿದ್ದುದನ್ನು ಕೋಳಿಗೂಡುಗಳ ಹತ್ತಿರ ನಾನೇ ಕೇಳಿಸಿಕೊಂಡೆ.

ಆಮೇಲೆ ಹನ್ನೊಂದು ದಿನ ನಿನ್ನ ಮಗಳು ನನ್ನೊಡನೆ ಮಾತಾಡಲಿಲ್ಲ. ಜಗಳವಿಲ್ಲ, ಅಳುವಿಲ್ಲ. ಬಡಿಸಿದ್ದನ್ನು ತಿನ್ನುತ್ತಿದ್ದಳು, ತಟ್ಟೆ ತೊಳೆದಿಟ್ಟು ಕೋಳಿಗಳ ಹತ್ತಿರ ಹೋಗುತ್ತಿದ್ದಳು. ಅವಳಿಗೆ ಇಷ್ಟವೆಂದು ಗಸಗಸೆ ತುಂಬಿದ ಕೊಲಾಚೆ ಬನ್ನು ಮಾಡಿದರೆ ಒಂದನ್ನು ತಿಂದು ಅಜ್ಜನಿಗೆ ಥ್ಯಾಂಕ್ಸ್ ಹೇಳಿದಳು. ಮಾಡಿದ್ದು ಅಜ್ಜನೇ? ನಿನ್ನ ಅಪ್ಪ ಮೂರು ದಿನ ನೋಡಿ, "ಅರ್ಲೀನ್, ಇದು ಬನ್ನಲ್ಲಿ ತೀರೋದಲ್ಲ ಕಣೇ" ಎಂದರು. ಜೀವನದಲ್ಲಿ ಒಮ್ಮೆಯಾದರೂ ಅವರ ಮಾತು ಸರಿಯಾಗಿತ್ತು.

ನಿನ್ನೆ ಚರ್ಚಿನ ನೆಲಮಾಳಿಗೆಯಲ್ಲಿ ಕ್ಲಬ್ಬಿನ ತಿಂಗಳ ಸಭೆ. ಅಧ್ಯಕ್ಷೆ ಮರೀಸಾ ಮರದ ಸುತ್ತಿಗೆ ಕುಟ್ಟಿ, ಮುಖಂಡರ ವರದಿ ಎಂದಳು. ಎದ್ದೆ. ಇಪ್ಪತ್ತು ಮಕ್ಕಳು, ಗೋಡೆಯುದ್ದಕ್ಕೂ ಅವರ ತಾಯ್ತಂದೆಯರು. ಶೆಲ್ಬಿಯ ಜಿಪ್ಪು ಹೊಲಿದದ್ದು ನಾನು, ಅವಳಿಗೆ ತಿಳಿಸದೆ ಹೊಲಿದೆ, ಅವಳು ನಿಜ ಹೇಳಿದಾಗ ಬಾಯಿ ಮುಚ್ಚಿಕೊಂಡು ಕೂತೆ, ಅವಳದು ಎಳ್ಳಷ್ಟೂ ತಪ್ಪಿಲ್ಲ ಎಂದೆ. ಪುಟಾಣಿ ಜೋಲೀನ್ ಕೈ ಎತ್ತಿ, "ಮುಂದಿನ ಮೇಳದವರ್ಗೂ ಅರ್ಲೀನ್ ಅಜ್ಜಿ ನಮ್ ಬಟ್ಟೆ ಮುಟ್ಟಬಾರ್ದು ಅಂತ ಸೂಚಿಸ್ತೀನಿ" ಎಂದಳು. ಅನುಮೋದಿಸುವವರು ಯಾರು ಎಂದು ಮರೀಸಾ ಕೇಳಿದರೆ ಮಕ್ಕಳೆಲ್ಲ ನೆಲ ನೋಡಿದರು. ಆಗ ನಡವಳಿ ಬರೆಯುತ್ತಿದ್ದ ನಮ್ಮ ಕಾರ್ಯದರ್ಶಿ ತಲೆಯೆತ್ತದೆಯೇ, "ನಾನು ಅನುಮೋದಿಸ್ತೀನಿ" ಎಂದಳು. ಎಲ್ಲ ಕೈಗಳೂ ಮೇಲೆದ್ದವು. ನಾನೂ ಎತ್ತಿದೆ. ಆಗ ಅವಳು ನನ್ನ ಕಡೆ ತಿರುಗಿ, "ಅಜ್ಜೀ, ದೊಡ್ಡೋರಿಗೆ ಓಟಿಲ್ಲ" ಎಂದಳು. ಹನ್ನೊಂದು ದಿನಗಳ ಮೇಲೆ ಅವಳ ಬಾಯಿಂದ ಅಜ್ಜಿ ಎಂದು ಕೇಳಿ ಅಲ್ಲೇ ಎಲ್ಲರೆದುರು ಅತ್ತುಬಿಟ್ಟೆ. ಮನೆಗೆ ಬರುವಾಗ ಗಾಡಿಯಲ್ಲಿ, ಜಿಪ್ಪು ಕೂರಿಸುವುದನ್ನು ಕಲಿಸಬೇಕಂತೆ, ಆದರೆ "ನೀನು ದೂರ ಕೂತ್ಕೊಂಡು ಬರೀ ಬಾಯಲ್ಲಿ ಹೇಳ್ಬೇಕು" ಎಂದು ಷರತ್ತು ಹಾಕಿದಳು. ಇವತ್ತು ಬೆಳಗ್ಗೆ ನನ್ನ ಕೈಗಳ ಮೇಲೆ ನಾನೇ ಕೂತು ಹೇಳಿಕೊಟ್ಟೆ. ಇನ್ನೂ ಡೊಂಕೇ ಇದೆ, ಆದರೆ ಮೊದಲಿನಷ್ಟಿಲ್ಲ.

ಅಪ್ಪ ನಿನ್ನನ್ನು ದಿನವೂ ನೆನೆಯುತ್ತಾರೆ. ಶೆಲ್ಬಿ ಬೇರೆ ಕಾಗದ ಬರೆಯುತ್ತಾಳಂತೆ. ದೇವರು ನಿನ್ನ ತಲೆ ಕಾಯಲಿ ಮಗಳೇ, ಬಿಸಿಲಲ್ಲಿ ಟೋಪಿಯಿಲ್ಲದೆ ತಿರುಗಬೇಡ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಂಚೆಯ ಗಾಡಿ ತಿರುವಿಗೆ ಬಂದಿದೆ, ಬೇಗ ಹೇಳುತ್ತೇನೆ. ಆಗ ನಿನಗೆ ಹನ್ನೆರಡು. ಮೇಳಕ್ಕೆಂದು ನೀನು ಹೊಲಿದ ನೀಲಿ ಅಂಗಿಯ ಕಾಲರು ಎರಡು ಕಡೆ ಸಮವಾಗಿರಲಿಲ್ಲ. ನೀನು ಈಜು ಕಲಿಯಲು ಹೋಗಿದ್ದಾಗ ಅದನ್ನೂ ಬಿಚ್ಚಿ ಹೊಲಿದೆ. ತೀರ್ಪುಗಾರ್ತಿ ನೀನೇ ಹೊಲಿದೆಯಾ ಎಂದು ಕೇಳಿದಾಗ ನೀನು ತಿರುಗಿ ನನ್ನ ಮುಖ ನೋಡಿದೆ. ನಾನು ತಲೆಯಾಡಿಸಿದೆ. ನೀನು ಹೌದು ಎಂದೆ. ಎಲ್ಲಕ್ಕಿಂತ ಮೇಲಿನ ನೇರಳೆ ರಿಬ್ಬನ್ ಬಂತು, ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಮರುವರ್ಷ ನೀನು ಹೊಲಿಗೆ ಬಿಟ್ಟು ಅಪ್ಪನ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಇಂಜಿನ್ ಬಿಚ್ಚಲು ಕೂತೆ. ಯಾಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅಲ್ಲಿಗೆ ನನ್ನ ಕೈ ಬರಲಾರದು ಎಂದು ತಾನೇ ಡೆನೀಸ್? ಆ ಸುಳ್ಳು ನಿನ್ನದಲ್ಲ ಮಗಳೇ, ನನ್ನದು. ಕ್ಷಮಿಸು.