ಬಾಯಿಗೆ ಬಾರದ ಹೆಸರು

ಅಡಿವೆವ್ವಾ,

ನಾ ನಸುಕಿನ್ಯಾಗ ನಡಕೊಂಡು ಹಿರೇಬೆಂಡಿಗೇರಿಗೆ ಹೊಂಟೇನಿ. ಚಕ್ಕಡಿ ನಿನಗ ಬಿಟ್ಟೇನಿ, ನಿಮ್ಮಣ್ಣ ತನ್ನ ಎತ್ತು ತಂದು ಹೂಡ್ತಾನ. ಎಮ್ಮಿ ಹಿಂಡಿಟ್ಟೇನಿ. ಬೆಕ್ಕು ಒಲಿ ಹಿಂದ ಕುಂತೈತಿ, ಹಾಲು ಕಾಸಿ ಮುಚ್ಚಿಡು. ಏನರ ಉಂಡು ಬಾ. ಪಂಚರು ಕುಂತ್ರ ಜಲ್ದಿ ಏಳಂಗಿಲ್ಲ.

ನಿನ್ನ ತವರಿನ ಎತ್ತನ್ನ ನಾ ನಿನಗ ಕೇಳದ ಮಾರಿದ ದಿನದಿಂದ ನೀ ಮಾತು ಬಿಟ್ಟಿ. ಅದಕ್ಕ ಹಿಂಗ ಬರದು ಹೇಳಬೇಕಾತು. ನಿಮ್ಮಣ್ಣಂತೂ ನಿನ್ನ ನನ್ನಿಂದ ಬಿಡಿಸಾಕ ಕೋರ್ಟು ಕೋರ್ಟು ಅಂತ ಕುಣದಾಡಿದ. "ಮನಿ ಮಾತು ವಕೀಲರ ಬಾಯಿಗೆ ಯಾಕ ಹಾಕ್ತೀರಿ? ನಮ್ಮ ಪಂಚರ ಕಟ್ಟಿಗೆ ಬರ್ರಿ" ಅಂತ ಹಿರೇಬೆಂಡಿಗೇರಿ ಬಸವಣ್ಣೆಪ್ಪ ಗೌಡ್ರು ತಡದ್ರು. ಎತ್ತಿನ ಮಾತು ಎಲ್ಲಾ ಹೇಳು, ನಾ ಅಡ್ಡ ಬರಂಗಿಲ್ಲ.

ಆದ್ರ ಒಂದು ತಿಳಕೋ. ಗಂಡ-ಹೆಂಡತಿ ಬ್ಯಾರೆ ಆಗೂ ಸೋಡಚೀಟಿ ಬರಿಯೂಕಿಂತ ಮೊದಲ ಗೌಡ್ರು ಹೆಂಡತಿನ್ನ ಕೇಳ್ತಾರ: "ಯಾರನ್ನ ಬಿಡ್ತೀಯವ್ವಾ? ಗಂಡನ ಹೆಸರು ತಗೊಂಡು ಹೇಳು." ಹೆಸರು ಬಾಯಿಂದ ಬಿತ್ತಂದ್ರ ಮುಗೀತು. ಬೀಳದಿದ್ರ, ಇಬ್ರೂ ಒಂದ ಚಕ್ಕಡ್ಯಾಗ ಮನಿಗೆ ಹೋಗ್ರಿ ಅಂತ ಹೇಳಿ ಎದ್ದು ಬಿಡ್ತಾರ.

ಮದವಿ ದಿನ ನಮ್ಮಕ್ಕ ನಿನ್ನ ಹೊಸ್ತಿಲದಾಗ ಅಡ್ಡಗಟ್ಟಿದ್ಲು, ಒಡಪು ಹೇಳಿ ಗಂಡನ ಹೆಸರು ತಗೋ ಅಂತ. ನೀ ಅಕಿ ಕಿವಿಯಾಗ ಅಂದಿ. ಎಲ್ಲಾರೂ ನಕ್ಕರು, ನನಗ ಮಾತ್ರ ಕೇಳಲಿಲ್ಲ. ಅವತ್ತಿನಿಂದ ನನ್ನ ಕಿವಿ ಆ ಒಂದು ಮಾತಿಗೆ ಕಾಯಾಕತ್ತಾವ. ಇವತ್ತೊಂದು ದಿನ ಬ್ಯಾಡ.

ನೀ ಏನ ಓದಿದ್ರೂ ಜೋರಾಗಿ ಓದಾಕಿ. ಅದಕ್ಕ ಕೆಳಗ ನನ್ನ ಹೆಸರು ಬರದಿಲ್ಲ.