ಬಟ್ಟೆ ತುರುಕಿದ ವೀಣೆ

ಚನ್ನರಾಯಪಟ್ಟಣ
12-7-1944

ಗಂಗಾಂಬಿಕೆಗೆ ಕಮಲಾಕ್ಷಿಯ ಶರಣು.

ಈ ವ್ಯವಹಾರಕ್ಕೆ ನನಗೆ ಬಿದ್ದ ಖರ್ಚನ್ನು ಮೊದಲು ಹೇಳಿಬಿಡುತ್ತೇನೆ, ಕೊಬ್ಬರಿ ಮಂಡಿಯವಳ ಚಾಳಿ. ಹದಿನಾಲ್ಕು ತಿಂಗಳ ಬೆಳಗಿನ ನಿದ್ದೆ, ಯುದ್ಧದ ಅಭಾವದಲ್ಲಿ ಕಾಡಿ ಬೇಡಿ ತರಿಸಿದ ವೀಣೆಯ ತಂತಿ, ಒಬ್ಬ ಗುರು, ಒಬ್ಬ ಗೆಳತಿ. ಮೊದಲೆರಡು ನಷ್ಟವನ್ನು ಹೇಗೋ ತುಂಬಿಕೊಂಡೆ.

ನಿನ್ನ ಕಾಗದ ಬಂತು. ನೀನು ವೀಣೆ ಕಲಿಸುವ ಶಾಲೆಯ ತನಿಖೆಗೆ ಬಂದವರು, 'ಪಾಠ ಸರಿ ಇದೆಯಮ್ಮ, ನಾದ ಮಾತ್ರ ತಗಡು' ಎಂದರಂತೆ. ದಸರೆ ಕಳೆದು ಮತ್ತೆ ಬರುತ್ತಾರಂತೆ, ಆಗಲೂ ಹೀಗೇ ಇದ್ದರೆ ಕೆಲಸ ಹೋಗುತ್ತದಂತೆ. 'ನಿನ್ನ ಕೈಗೆ ಆ ದುಂಡು ನಾದ ಹೇಗೆ ಬಂತು, ಹೇಳಿಕೊಡೇ' ಎಂದು ಕೇಳಿದ್ದೀಯ. ನನ್ನನ್ನು ಕೇಳುವ ಎದೆಗಾರಿಕೆ ನಿನಗೊಬ್ಬಳಿಗೇ ಉಂಟು.

ಹೊಳೆನರಸೀಪುರದಲ್ಲಿ ನಂಜಯ್ಯ ಮೇಷ್ಟರ ಎಡಗೋಡೆಗೆ ನನ್ನ ಮನೆ, ಬಲಗೋಡೆಗೆ ನಿನ್ನದು. ಲಕ್ವ ಹೊಡೆದ ಮೇಲೆ ಅವರು ಮಲಗಿದಲ್ಲಿಂದಲೇ ನಮ್ಮಿಬ್ಬರ ಸಾಧನೆ ಕೇಳಿ, ಗಂಜಿ ಕುಡಿಸಲು ಹೋಗುವ ನಿನ್ನ ಕೈಲಿ ತಿದ್ದುಪಡಿ ಹೇಳಿಕಳಿಸುತ್ತಿದ್ದರು. ಒಂದು ದಿನ ನೀನು ಬಂದು ಹೇಳಿದೆ: 'ಮೇಷ್ಟ್ರಿಗೆ ಕಣ್ಣಿಗೆ ಕಣ್ಣು ಅಂಟ್ತಿಲ್ಲ ಕಣೆ. ತಂತಿ ಕೂರೋ ಕುದ್ರೆ ಅತ್ರ ತಂತಿ ಅಡೀಲಿ ಬಟ್ಟೆ ತುರುಕ್ಕಂಡು ನುಡಿಸ್ಬೇಕಂತೆ. ನಾನೂ ಅಂಗೇ ಮಾಡ್ತಿವ್ನಿ.'

ಹದಿನಾಲ್ಕು ತಿಂಗಳು ಹಾಗೇ ಮಾಡಿದೆ. ನನ್ನ ವೀಣೆ ನನ್ನ ಕಿವಿಗೇ ಸರಿಯಾಗಿ ಕೇಳುತ್ತಿರಲಿಲ್ಲ.

ಶಾಲೆಯವರು ವೀಣೆ ಪಾಠಕ್ಕೆ ಯಾರನ್ನು ಕಳಿಸುತ್ತೀರಿ ಎಂದು ಕೇಳಿದಾಗ ಮೇಷ್ಟರು ನನ್ನನ್ನು ಕರೆಸಿದರು. 'ಒಳ್ಳೆ ಕೈ ಇತ್ತು ಕಣವ್ವ ನಿಂದು. ಒಂದಿನಾನಾದ್ರೂ ವೀಣೆ ಮುಟ್ಟಿದ್ರೆ!' ಎಂದರು. ಕಾಯಿಲೆಗೆ ಅರಳುಮರಳಾಗಿದೆ ಎಂದುಕೊಂಡು, ಪಾಪ ಅನ್ನಿಸಿ ಸುಮ್ಮನೆ ನಕ್ಕು ಬಂದೆ. ಅವರು ನಿನ್ನ ಹೆಸರು ಹೇಳಿದರು. ಅದೇ ವರ್ಷ ಆಷಾಢದಲ್ಲಿ ಹೋಗಿಬಿಟ್ಟರು.

ಹೋದ ತಿಂಗಳು ಅವರ ಹೆಂಡತಿ ಪಾರ್ವತಮ್ಮನವರು ಮಂಡಿಗೆ ಬಂದಿದ್ದರು. ಮಾತಿಗೆ ಮಾತು ಬಂದು, 'ವೀಣೆ ಕೇಳ್ದಿದ್ರೆ ಅವ್ರಿಗೆ ನಿದ್ದೇನೇ ಬತ್ತಿರ್ಲಿಲ್ಲ ಕಣವ್ವ. ಎಡಗಡೆಯೋಳು ಬಿಟ್ಬುಟ್ಲಲ್ಲಾ ಅಂತ ಅಳೋರು' ಎಂದರು. ಆವತ್ತು ಅವರ ಕೊಬ್ಬರಿಯನ್ನು ಮೂರು ಸಲ ತೂಗಬೇಕಾಯಿತು. ತಕ್ಕಡಿಯ ಮುಳ್ಳು ನನಗೆ ಕಾಣಿಸುತ್ತಿರಲಿಲ್ಲ.

ಇನ್ನು ನೀನು ಕೇಳಿದ್ದು. ಮೇಷ್ಟರು ಹೋದ ಮೇಲೆ ಬಟ್ಟೆ ತೆಗೆದರೆ, ನನ್ನ ತಂತಿಯೂ ತಗಡೇ. ಕೇಳಿಸದ ನಾದಕ್ಕಾಗಿ ಗುದ್ದಿ ಗುದ್ದಿ ಕೈ ಭಾರವಾಗಿತ್ತು. ಅದನ್ನು ಇಳಿಸಿದ್ದು ಹೀಗೆ. ಮೊದಲ ವಾರ ಎಡಗೈ ಮಡಿಲಲ್ಲೇ ಇರಲಿ. ತೋರುಬೆರಳಲ್ಲೊಮ್ಮೆ, ನಡುಬೆರಳಲ್ಲೊಮ್ಮೆ ಮೀಟು. ನಾದ ತಾನಾಗಿ ಆರುವವರೆಗೆ ಮುಂದಿನ ಮೀಟು ಬೇಡ. ಕಣ್ಣು ಮುಚ್ಚಿ ಕೇಳುವವರಿಗೆ ಎರಡು ಬೆರಳೂ ಒಂದೇ ಎನ್ನಿಸಬೇಕು. ಆಮೇಲೆ ಸರಳೆ ವರಸೆ, ನಿಧಾನ ಕಾಲದಲ್ಲಿ ಮಾತ್ರ. ಸ್ವರ ನಿಲ್ಲುವಷ್ಟು ಒತ್ತಿದರೆ ಸಾಕು, ಸಾಲಗಾರನ ಕತ್ತು ಹಿಡಿದಂತೆ ಬೇಡ. ಎಡವಿದರೆ ಮೊದಲಿನಿಂದ ಓಡಬೇಡ. ಎಡವಿದ ಜಾಗವನ್ನೇ ನೇರ ಮಾಡು. ಭುಜ ಬಿಗಿಯಿತೋ, ವೀಣೆ ಇಳಿಸು. ಕೃತಿಗಳ ಆಸೆಯನ್ನು ದಸರೆಯವರೆಗೆ ಕಟ್ಟಿಡು.

ಕ್ಷಮೆ ಕೇಳಿ ಬರೆಯಬೇಡ, ಅಂಚೆ ಖರ್ಚು ದಂಡ.

ಇಂತಿ, ಎಡಗೋಡೆಯವಳು
ಕಮಲಾಕ್ಷಿ

ತಾ.ಕ.: ಇದು ಎರಡನೆಯ ಕಾಗದ. ಮೊದಲನೆಯದರಲ್ಲಿ ನಿನ್ನ ಕೈ ಕೆಡುವಂಥ ಒಂದು ಸುಳ್ಳನ್ನು ಬೆರೆಸಿದ್ದೆ, ಯಾರಿಗೂ ಗೊತ್ತಾಗದ ಹಾಗೆ. ಅಂಚೆಪೆಟ್ಟಿಗೆಯ ತನಕ ಹೋದೆ. ಆ ಕೈ ನೋಡಿ ಕಲಿಯುವ ಹುಡುಗಿಯರ ನೆನಪಾಗಿ ಅಲ್ಲೇ ಹರಿದೆ. ಕೊನೆಗೆ ಯಾರಿಗೆ ಏನಾಯಿತು ಎಂದರೆ: ನಿನಗೆ ಕೆಲಸ ಉಳಿಯುತ್ತದೆ. ಹುಡುಗಿಯರಿಗೆ ನಾದ ಸಿಗುತ್ತದೆ. ನನಗೆ ನಿಜ ಗೊತ್ತಾಯಿತು. ಮೇಷ್ಟರಿಗೆ ಏನೂ ಇಲ್ಲ.